ಕೂತುಹೋದ ಪಿಕಪ್ಪಿಗೆ ಯಾವ ಬ್ಲೇಡು?

ಪ್ರಶ್ನೆ: ನನ್ನದು 2009ರ ಬೊಲೆರೊ ಪಿಕಪ್. ನಮ್ಮ ಹೊಲದ ಮೆಕ್ಕೆಜೋಳ, ಈರುಳ್ಳಿಯನ್ನು ದಾವಣಗೆರೆಗೆ ಹೇರುತ್ತೇನೆ, ಉಳಿದ ದಿನ ಬಾಡಿಗೆ ಹೊಡೆಯುತ್ತೇನೆ. ಗಾಡಿ ಹಿಂದುಗಡೆ ಕೂತುಬಿಟ್ಟಿದೆ. ಹೊಲದ ದಾರಿಯಲ್ಲಿ ಕೆಳಗೆ ಕಲ್ಲು ತಾಗುತ್ತದೆ. ಎರಡು ಇಂಚು ಎತ್ತರ ಕೊಡುವ ಸ್ಪ್ರಿಂಗ್ ಕಡಿಮೆ ಖರ್ಚಿನಲ್ಲಿ ಆಗಬೇಕು. ಚನ್ನಗಿರಿಯ ನಮ್ಮ ಭಾವ ಎರಡು ದಪ್ಪ ಬ್ಲೇಡ್ ಹೆಚ್ಚಿಗೆ ಸೇರಿಸು ಅಂತಾರೆ. ಹೊನ್ನಾಳಿಯಲ್ಲಿ ಕೇಳಿದರೆ ಬ್ಲೇಡಿಗೂ ಆ್ಯಕ್ಸಲ್ಲಿಗೂ ನಡುವೆ ಕಬ್ಬಿಣದ ಬ್ಲಾಕ್ ಕೊಟ್ಟರೆ ಸಾಕು ಅಂದರು. ನ್ಯಾಮತಿಯ ಗೆಳೆಯ ಹಳೇ ಬ್ಲೇಡುಗಳಿಗೇ ಗ್ಯಾಸ್‌ನಲ್ಲಿ ಕಾಯಿಸಿ ಬಾಗು ಕೊಡಿಸಿಕೊಂಡಿದ್ದಾನೆ. ಯಾರ ಮಾತು ಕೇಳಲಿ?
— ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಯಾರ ಮಾತನ್ನೂ ಕೇಳುವ ಮೊದಲು ಗಾಡಿಯ ಕೆಳಗೆ ಬಗ್ಗಿ, ಕಲ್ಲು ತಾಗಿದ ಗುರುತು ಎಲ್ಲಿದೆ ನೋಡಿ. ಗುರುತು ಹಿಂದಿನ ಆ್ಯಕ್ಸಲ್ ಹೌಸಿಂಗಿನ ನಡುವೆ, ಕ್ರೌನ್ ಕೂತಿರುವ ಗುಂಡು ಭಾಗದಲ್ಲಿದ್ದರೆ, ಯಾವ ಸ್ಪ್ರಿಂಗ್ ಹಾಕಿಸಿದರೂ ಆ ಕಲ್ಲು ತಾಗುವುದು ತಪ್ಪುವುದಿಲ್ಲ. ಬ್ಲೇಡು ಎತ್ತುವುದು ಚಾಸಿಯನ್ನು ಮತ್ತು ಅದರ ಮೇಲಿರುವ ಬಾಡಿಯನ್ನು. ಹೌಸಿಂಗ್ ಇರುವುದು ಬ್ಲೇಡಿನ ಆಚೆ, ಎರಡು ಚಕ್ರಗಳ ನಡುವೆ. ನೆಲದಿಂದ ಅದೆಷ್ಟು ಮೇಲಿದೆ ಎಂಬುದನ್ನು ತೀರ್ಮಾನಿಸುವುದು ಟೈರು ಮಾತ್ರ. ಎರಡು ಇಂಚಲ್ಲ, ನಾಲ್ಕು ಇಂಚು ಎತ್ತರಿಸಿದರೂ ಕ್ರೌನ್ ಇದ್ದಲ್ಲೇ ಇರುತ್ತದೆ.

ಹಾಗಾದರೆ ದೊಡ್ಡ ಟೈರು ಹಾಕಿಸೋಣವೇ ಎಂದು ಕೇಳುತ್ತೀರಿ. ಲೆಕ್ಕ ಮಾಡಿ ನೋಡಿ. 15 ಇಂಚಿನ ರಿಮ್ಮಿನ ಮೇಲೆ 215/75 ಟೈರಿನ ಒಟ್ಟು ವ್ಯಾಸ ಸುಮಾರು 703 ಮಿ.ಮೀ., 235/75 ಟೈರಿನದು ಸುಮಾರು 733. ವ್ಯತ್ಯಾಸ 30 ಮಿ.ಮೀ. ಅದರಲ್ಲಿ ಅರ್ಧ ಮಾತ್ರ ಹೌಸಿಂಗಿನ ಪಾಲಿಗೆ ಬರುವುದರಿಂದ ಸಿಗುವುದು 15 ಮಿ.ಮೀ., ಅಂದರೆ ಅರ್ಧ ಇಂಚಿಗಿಂತ ಒಂದು ಚೂರು ಹೆಚ್ಚು. ಅಷ್ಟಕ್ಕಾಗಿ ನಾಲ್ಕು ಟೈರಿನ ದುಡ್ಡು, ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುವ ಭಯ, ಏರಿನಲ್ಲಿ ಕಡಿಮೆಯಾಗುವ ಎಳೆತ. ಟೈರು ನುಣ್ಣಗೆ ಸವೆದಿದ್ದರೆ ಅದೇ ಸೈಜಿನ ಹೊಸ ಟೈರು ಹಾಕಿಸಿ, ಕೆಲವು ಮಿಲಿಮೀಟರ್ ಅಲ್ಲೇ ವಾಪಸ್ ಬರುತ್ತದೆ. ಕ್ರೌನಿಗೆ ತಾಗುವ ಕಲ್ಲಿಗೆ ನಿಜವಾದ ಮದ್ದು ಹಾರೆ. ಜಗಳೂರು ಕಡೆಯ ಹೊಲದ ದಾರಿಗಳಲ್ಲಿ ನಡುವೆ ಎದ್ದುನಿಂತ ಬಂಡೆ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತದೆ, ಅದರ ಪರಿಚಯ ನಿಮಗೇ ಚೆನ್ನಾಗಿರುತ್ತದೆ.

ಗುರುತು ಸೈಲೆನ್ಸರ್ ಪೈಪಿನ ಮೇಲೋ, ಸ್ಟೆಪ್ನಿ ಕೂರಿಸುವ ಕಡೆಯೋ, ಚಾಸಿಯ ಹಿಂದಿನ ತುದಿಯಲ್ಲೋ ಇದ್ದರೆ ಮಾತ್ರ ಬ್ಲೇಡಿನ ಕಡೆ ತಿರುಗಿ. ಆಗಲೂ ನಿಮಗೆ ಬೇಕಾಗಿರುವುದು ಹೊಸದಾಗಿ ಎರಡು ಇಂಚು ಎತ್ತರವಲ್ಲ, ಹದಿನೈದು ವರ್ಷದಲ್ಲಿ ಕಳೆದುಕೊಂಡ ಎತ್ತರ. ಈ ಎರಡರ ಖರ್ಚೂ ಬೇರೆ, ದಾರಿಯೂ ಬೇರೆ. ಮೊಬೈಲಿನಲ್ಲಿ ನೋಡುವ ಅಮೆರಿಕದ ಎತ್ತರದ ಪಿಕಪ್ಪುಗಳು ದೊಡ್ಡ ಟೈರು ತುರುಕಲು ಎತ್ತರಿಸಿದವು, ಅವುಗಳ ಹಿಂದೆ ಹೆಚ್ಚೆಂದರೆ ಒಂದು ಬೈಕು ಇರುತ್ತದೆ. ಹೋಲಿಕೆಗೆ ಆಸ್ಟ್ರೇಲಿಯಾ ವಾಸಿ. ಅಲ್ಲಿನ ಓಲ್ಡ್ ಮ್ಯಾನ್ ಎಮು ಎಂಬ ಹೆಸರುವಾಸಿ ಸ್ಪ್ರಿಂಗುಗಳನ್ನು ಆರಿಸುವಾಗ ಎಷ್ಟು ಎತ್ತರ ಬೇಕು ಎಂಬುದರ ಜೊತೆಗೆ ಗಾಡಿ ಸದಾ ಎಷ್ಟು ಕಿಲೋ ಹೊರುತ್ತದೆ ಎಂದೂ ನೋಡುತ್ತಾರೆ. ನಮ್ಮ ಕಡೆ ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದೇ, ಆದ್ದರಿಂದ ನೀವೇ ಕೇಳಿಕೊಳ್ಳಬೇಕು.

ಉತ್ತರ ಎಪಿಎಂಸಿ ದಾರಿಯ ವೇಬ್ರಿಡ್ಜಿನಲ್ಲಿ ಸಿಗುತ್ತದೆ. ಮಾಮೂಲಿ ಲೋಡಿನಲ್ಲಿ ಒಮ್ಮೆ ಪೂರ್ತಿ ಗಾಡಿ ತೂಗಿಸಿ, ಇನ್ನೊಮ್ಮೆ ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಎರಡನೆಯ ಚೀಟಿಯಲ್ಲಿರುವುದು ನಿಮ್ಮ ಹಿಂದಿನ ಬ್ಲೇಡುಗಳು ಹೆಚ್ಚುಕಡಿಮೆ ಹೊರುತ್ತಿರುವ ತೂಕ. ಮೊದಲನೆಯದನ್ನು ಆರ್.ಸಿ.ಯಲ್ಲಿರುವ ಒಟ್ಟು ತೂಕದ ಪಕ್ಕ ಇಟ್ಟು ನೋಡಿ. ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಹೇರುತ್ತಿದ್ದರೆ ಗಾಡಿ ಕೂರುವುದು ಬ್ಲೇಡಿನ ತಪ್ಪಲ್ಲ.

ಆಮೇಲೆ ಅಳತೆ. ಗಾಡಿ ಖಾಲಿ ಇರಲಿ, ನೆಲ ಸಮ ಇರಲಿ. ಹಿಂದಿನ ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಬಾಡಿಯ ಅಂಚಿನವರೆಗೆ ಟೇಪು ಹಿಡಿಯಿರಿ, ಎಡಕ್ಕೂ ಬಲಕ್ಕೂ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಚಕ್ರದ ಮಧ್ಯದಿಂದ ಅಳೆದರೆ ಬ್ಲೇಡಿನ ಕಥೆ ಮಾತ್ರ ತಿಳಿಯುತ್ತದೆ. ಒಂದು ಬದಿ ಇನ್ನೊಂದಕ್ಕಿಂತ ಒಂದು ಇಂಚು ಕೆಳಗಿದ್ದರೆ ಅದು ಬರೀ ವಯಸ್ಸಲ್ಲ. ಆ ಬದಿಯಲ್ಲಿ ಬ್ಲೇಡ್ ಮುರಿದಿದೆ, ಇಲ್ಲವೇ ಬುಷ್ ತಿಂದುಹೋಗಿದೆ ಎಂದು ಹುಡುಕಲು ಶುರುಮಾಡಿ. ನಿಮ್ಮದೇ ವರ್ಷದ, ಹೆಚ್ಚು ದುಡಿಯದ ಇನ್ನೊಂದು ಪಿಕಪ್ ಊರಲ್ಲಿದ್ದರೆ ಅದನ್ನೂ ಅಳೆಯಿರಿ. ನೀವು ಎಷ್ಟು ಕಳೆದುಕೊಂಡಿದ್ದೀರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಲೋಡಿನಲ್ಲೂ ಒಮ್ಮೆ ಬಗ್ಗಿ, ಹೌಸಿಂಗಿಗೂ ಮೇಲಿನ ಬಂಪ್ ರಬ್ಬರಿಗೂ ನಡುವೆ ಎಷ್ಟು ಜಾಗ ಉಳಿದಿದೆ ನೋಡಿ. ಎರಡು ಮೂರು ಬೆರಳು ತೂರುವಷ್ಟೂ ಇಲ್ಲದಿದ್ದರೆ ಪ್ರತಿ ಗುಂಡಿಯಲ್ಲೂ ಪೆಟ್ಟು ನೇರವಾಗಿ ಚಾಸಿಗೆ ಹೋಗುತ್ತಿದೆ.

ಈಗ ಭಾವನವರ ಸಲಹೆಗೆ ಬರೋಣ. ಅವರು ಹೇಳಿದ್ದು ಅವರ ಊರಿಗೆ ಸುಳ್ಳಲ್ಲ. ಚನ್ನಗಿರಿ ಕಡೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಹೇರುವ ಗಾಡಿ ತೋಟದಿಂದ ಸುಲಿಯುವ ಕಣಕ್ಕೆ, ಕಣದಿಂದ ತೋಟಕ್ಕೆ ಓಡಾಡುತ್ತಲೇ ಇರುತ್ತದೆ. ದಾರಿ ಹತ್ತಿರದ್ದು, ವೇಗ ಕಡಿಮೆ, ಭಾರ ಮಾತ್ರ ಸದಾ ಇರುವಂಥದ್ದು. ಅಂಥ ಗಾಡಿಗೆ ಗಟ್ಟಿ ಬ್ಲೇಡು ಒಗ್ಗುತ್ತದೆ. ನೀವೋ ದಾವಣಗೆರೆಗೆ ತುಂಬಿಕೊಂಡು ಹೋಗಿ ಎಷ್ಟೋ ಸಲ ಖಾಲಿ ಬರುವವರು. ಖಾಲಿ ಗಾಡಿಯಲ್ಲಿ ಬ್ಲೇಡಿನ ಗಡಸು ಎಷ್ಟೆಂದು ಸೊಂಟಕ್ಕೆ ಗೊತ್ತಾಗುತ್ತದೆ.

ಇಲ್ಲಿ ಸ್ವಲ್ಪ ಗಣಿತ ಬೇಕು. ಬ್ಲೇಡಿನ ಗಡಸು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಗಡಸು ಎಂಟು ಪಟ್ಟು. ನಿಮ್ಮ ಸೆಟ್ಟಿನಲ್ಲಿ 8 ಮಿ.ಮೀ. ದಪ್ಪದ ಏಳು ಬ್ಲೇಡ್ ಇವೆ ಎಂದುಕೊಳ್ಳಿ. ಅದೇ ದಪ್ಪದ ಇನ್ನೊಂದು ಸೇರಿಸಿದರೆ ಸೆಟ್ಟು ಏಳರಲ್ಲೊಂದು ಪಾಲು, ಅಂದರೆ ಸುಮಾರು ಶೇಕಡಾ 14ರಷ್ಟು ಗಟ್ಟಿಯಾಗುತ್ತದೆ. ಮೊದಲು ಲೋಡಿಗೆ ನಾಲ್ಕು ಇಂಚು ಇಳಿಯುತ್ತಿದ್ದ ಗಾಡಿ ಈಗ ಮೂರೂವರೆ ಇಂಚು ಇಳಿಯುತ್ತದೆ. ಇದು ತಾಳಿಕೊಳ್ಳುವಂಥದ್ದು. ಆದರೆ ಕೈಗೆ ಸಿಕ್ಕಿತೆಂದು 10 ಮಿ.ಮೀ. ದಪ್ಪದ ಬ್ಲೇಡು ತೂರಿಸಿದರೆ ಅದೊಂದೇ ಹೆಚ್ಚುಕಡಿಮೆ ಎರಡು ಬ್ಲೇಡಿಗೆ ಸಮ. ಭಾವನವರ ಲೆಕ್ಕದಲ್ಲಿ ಅಂಥವು ಎರಡು ಸೇರಿದರೆ ನಾಲ್ಕು ಬ್ಲೇಡು ಸೇರಿಸಿದಂತೆ, ಗಡಸು ಒಂದೂವರೆ ಪಟ್ಟಿಗೂ ಮೀರುತ್ತದೆ. ಖಾಲಿ ಬರುವಾಗ ಹಿಂಭಾಗ ಬ್ಲೇಡಿನ ಮೇಲೆ ಆಡುವ ಬದಲು ಟೈರಿನ ಮೇಲೆ ಕುಣಿಯುತ್ತದೆ. ಜಲ್ಲಿಯ ಮೇಲೆ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ನೆಲ ಬಿಟ್ಟು ಜಾರುತ್ತದೆ. ಬ್ಲೇಡು ನುಂಗಬೇಕಾದ ಪೆಟ್ಟನ್ನೆಲ್ಲ ಚಾಸಿಯ ರಿವೆಟ್ಟುಗಳೂ ಶ್ಯಾಕಲ್ ಬ್ರಾಕೆಟ್ಟುಗಳೂ ತಿನ್ನುತ್ತವೆ. ಹದಿನೈದು ದಾಟಿದ ಚಾಸಿಗೆ ಅದು ಬೇಡ.

ಸೇರಿಸಲೇಬೇಕೆಂದರೆ ಹೆಲ್ಪರ್ ಬ್ಲೇಡು ವಾಸಿ. ಖಾಲಿ ಇದ್ದಾಗ ಅದು ಸುಮ್ಮನಿರುತ್ತದೆ, ಲೋಡು ಬಿದ್ದು ಗಾಡಿ ಇಳಿದಾಗ ಮಾತ್ರ ಭಾರಕ್ಕೆ ಹೆಗಲು ಕೊಡುತ್ತದೆ. ನಿಮ್ಮ ಗಾಡಿಯಲ್ಲಿ ಹೆಲ್ಪರ್ ಮೊದಲಿನಿಂದಲೂ ಇದ್ದರೆ, ಅದು ಚಪ್ಪಟೆಯಾಗಿ ಕೆಲಸಕ್ಕೆ ಬಾರದಂತಾಗಿದೆಯೇ ಎಂದು ನೋಡಿಸಿ. ಎಷ್ಟೋ ಸಲ ಅಷ್ಟನ್ನೇ ಬದಲಾಯಿಸಿದರೆ ಸಾಕಾಗುತ್ತದೆ.

ಹೊನ್ನಾಳಿಯವರು ಹೇಳಿದ ಬ್ಲಾಕು ಎಲ್ಲಕ್ಕಿಂತ ಅಗ್ಗ, ಅದಕ್ಕೇ ಎಲ್ಲರ ಬಾಯಲ್ಲೂ ಅದೇ ಮೊದಲು ಬರುತ್ತದೆ. ಹೌಸಿಂಗಿನ ಮೇಲೆ ಬ್ಲೇಡು ಕೂತಿರುವ ಗಾಡಿಯಲ್ಲಿ ಮಾತ್ರ ಅದು ಎತ್ತರ ಕೊಡುತ್ತದೆ. ಗಡಸು ಒಂದು ಕೂದಲಷ್ಟೂ ಹೆಚ್ಚುವುದಿಲ್ಲ, ಆದ್ದರಿಂದ ಸೋತ ಬ್ಲೇಡು ಸೋತೇ ಇರುತ್ತದೆ. ಬ್ರೇಕ್ ಒತ್ತಿದಾಗ, ಏರಿನಲ್ಲಿ ಒಂದನೇ ಗೇರಿನಲ್ಲಿ ಎಳೆದಾಗ ಹೌಸಿಂಗ್ ತಿರುಚಿಕೊಳ್ಳಲು ನೋಡುತ್ತದೆ, ಬ್ಲಾಕು ಎತ್ತರವಾದಷ್ಟೂ ಆ ತಿರುಚು ಹೆಚ್ಚು. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟು ಬೇಗ ಸವೆಯುತ್ತದೆ. ಒಂದು ಇಂಚಿನೊಳಗಿನ, ಲೇತಿನಲ್ಲಿ ಸರಿಯಾಗಿ ತೆಗೆದ, ಸೆಂಟರ್ ಬೋಲ್ಟಿಗೆ ಗುಳಿಯೂ ಕೆಳಗೆ ಪಿನ್ನೂ ಇರುವ ಬ್ಲಾಕು ಹಿಂದುಗಡೆಗೆ ಪರವಾಗಿಲ್ಲ. ಪಕ್ಕದ ಹರಿಹರದಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ, ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನೇ ತಯಾರಿಸುತ್ತಿದ್ದ ಊರದು. ಮರದ ತುಂಡು, ಒಂದರ ಮೇಲೊಂದು ಇಟ್ಟ ಎರಡು ಬ್ಲಾಕು, ಮುಂದಿನ ಆ್ಯಕ್ಸಲ್ಲಿಗೆ ಬ್ಲಾಕು ಇವು ಮೂರೂ ಬೇಡವೇ ಬೇಡ. ಉದ್ದನೆಯ ಶ್ಯಾಕಲ್ ಹಾಕುವುದೂ ಇದೇ ಜಾತಿಯ ಉಪಾಯ. ಎರಡು ಇಂಚು ಉದ್ದದ ಶ್ಯಾಕಲ್ಲಿಗೆ ಗಾಡಿ ಏರುವುದು ಒಂದೇ ಇಂಚು, ಏಕೆಂದರೆ ಬ್ಲೇಡಿನ ಒಂದು ತುದಿ ಮಾತ್ರ ಇಳಿಯುತ್ತದೆ.

ಬ್ಲಾಕು, ಶ್ಯಾಕಲ್, ಹೆಚ್ಚುವರಿ ಬ್ಲೇಡು ಯಾವುದೇ ಆಗಲಿ, ಹೇಳುವವರು ಮರೆಯುವ ಸಂಗತಿಯೊಂದಿದೆ. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಹೌಸಿಂಗಿನಿಂದ ಚಾಸಿಯ ಮೇಲಿನ ಒಂದು ವಾಲ್ವಿಗೆ ಸಣ್ಣ ಸರಳೋ ಸ್ಪ್ರಿಂಗೋ ಕಟ್ಟಿರುತ್ತದೆ, ಮೆಕ್ಯಾನಿಕ್ಕುಗಳು ಎಲ್‌ಎಸ್‌ಪಿವಿ ಎನ್ನುತ್ತಾರೆ. ಲೋಡು ಬಿದ್ದು ಚಾಸಿ ಇಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಾಗಿ ಎದ್ದು ನಿಂತಾಗ ಚಕ್ರ ಜಾರದಿರಲೆಂದು ಕಡಿಮೆ ಬಿಡುತ್ತದೆ. ನೀವು ಗಾಡಿಯನ್ನು ಎರಡು ಇಂಚು ಎತ್ತರಿಸಿ ಆ ಸರಳನ್ನು ಹಾಗೇ ಬಿಟ್ಟರೆ, ಜೋಳ ತುಂಬಿದ ಗಾಡಿಯನ್ನೂ ವಾಲ್ವು ಖಾಲಿ ಗಾಡಿ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕಿಗೆ ಬೇಕಾದಷ್ಟು ಒತ್ತಡ ಹೋಗುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಯಾಕೋ ಸಾಲುತ್ತಿಲ್ಲ ಎಂದು ಹೊಸ ಲೈನರ್ ಹಾಕಿಸುತ್ತೀರಿ, ಆದರೂ ಸರಿಹೋಗುವುದಿಲ್ಲ. ಕೆಲವರು ಆ ಸರಳನ್ನೇ ಬಿಚ್ಚಿ ಕಟ್ಟಿಬಿಡುತ್ತಾರೆ, ಅದು ಇನ್ನೂ ಅಪಾಯ. ಎತ್ತರ ಬದಲಾಯಿಸಿದ ದಿನವೇ ಈ ವಾಲ್ವನ್ನು ಕಂಪನಿ ಅಳತೆಗೆ ಹೊಂದಿಸಿಕೊಡುವ ಮೆಕ್ಯಾನಿಕ್ ಸಿಗದಿದ್ದರೆ ಎತ್ತರವನ್ನೇ ಬದಲಾಯಿಸಬೇಡಿ. ಹಿಂದಿನ ಬ್ರೇಕ್ ಹೋಸ್ ಪೈಪು, ಚಕ್ರ ಪೂರ್ತಿ ಕೆಳಗೆ ಜೋತಾಗ ಬಿಗಿಯುತ್ತದೆಯೇ ಎಂದೂ ಜ್ಯಾಕ್ ಕೊಟ್ಟು ನೋಡಬೇಕು. ಶಾಕ್ ಅಬ್ಸಾರ್ಬರಿಗೂ ಇದೇ ಮಾತು.

ನ್ಯಾಮತಿಯ ಗೆಳೆಯರ ಗಾಡಿ ಈಗ ಎತ್ತರವಾಗಿ ಚೆನ್ನಾಗಿಯೇ ಕಾಣುತ್ತಿರಬಹುದು. ಒಂದು ಮೆಕ್ಕೆಜೋಳದ ಸುಗ್ಗಿ ಕಳೆಯಲಿ. ಸ್ಪ್ರಿಂಗಿನ ಉಕ್ಕು ಬರೀ ಕಬ್ಬಿಣವಲ್ಲ. ಸಿಲಿಕಾನೋ ಕ್ರೋಮಿಯಮ್ಮೋ ಬೆರೆಸಿದ ಉಕ್ಕನ್ನು ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯಲ್ಲಿ ಹದಮಾಡಿರುತ್ತಾರೆ. ಆ ಹದವೇ ಬಾಗಿ ಮತ್ತೆ ಮೊದಲಿನಂತಾಗುವ ಗುಣ. ಗ್ಯಾಸಿನ ಬೆಂಕಿ ಹಿಡಿದು ಕೆಂಪಗೆ ಮಾಡಿ ಬಾಗಿಸಿ ನೆಲಕ್ಕೆ ಬಿಟ್ಟರೆ ಹದ ಹೋಗಿ ಅದು ಮಾಮೂಲಿ ಪಟ್ಟಿಯಾಗುತ್ತದೆ. ಕೆಂಪಾದದ್ದನ್ನು ನೀರಿಗೆ ಹಾಕಿದರೆ ಇನ್ನೊಂದು ಅತಿಗೆ ಹೋಗಿ ಗಾಜಿನಂತೆ ಸಿಡಿಯುತ್ತದೆ. ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವುದೂ ಇದೇ ಕಾರಣಕ್ಕೆ ನಿಷಿದ್ಧ. ಕಾಯಿಸದೆ ಸುತ್ತಿಗೆಯಲ್ಲೋ ಪ್ರೆಸ್ಸಿನಲ್ಲೋ ಬಾಗು ಕೊಡುವವರಿದ್ದಾರೆ, ಅದು ಗ್ಯಾಸಿಗಿಂತ ಮೇಲು. ಆದರೂ ದಣಿದ ಉಕ್ಕಿಗೆ ಹೊಸ ಆಯುಸ್ಸು ಬರುವುದಿಲ್ಲ. ಈ ವರ್ಷ ಗಾಡಿ ಮಾರುವವರಿಗೆ ಅದು ಸರಿ. ಐದು ವರ್ಷ ದುಡಿಸುವ ಯೋಚನೆ ಇದ್ದರೆ ಮಾಡಿದ ಖರ್ಚು ಕೈಗೆ ಹತ್ತುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಮೊದಲು ಚಿಲ್ಲರೆ ಸಾಮಾನಿನ ಮೇಲೆ: ಬುಷ್, ಶ್ಯಾಕಲ್ ಪಿನ್, ಸೆಂಟರ್ ಬೋಲ್ಟ್, ಯು-ಬೋಲ್ಟ್. ಬುಷ್ ತಿಂದು ಪಿನ್ನು ಸವೆದರೆ ಎತ್ತರವೂ ಕಳೆಯುತ್ತದೆ, ಗಾಡಿ ಓರೆ ಓರೆಯಾಗಿಯೂ ಓಡುತ್ತದೆ. ಬ್ಲೇಡು ಮುರಿಯುವುದು ಹೆಚ್ಚಾಗಿ ನಡುವೆ, ಸೆಂಟರ್ ಬೋಲ್ಟಿನ ತೂತಿನ ಬಳಿ. ಅದಕ್ಕೆ ಬಹುಪಾಲು ಸಲ ಕಾರಣ ಸಡಿಲವಾದ ಯು-ಬೋಲ್ಟು. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿಸಿ. ಮೊದಲ ಲೋಡು ಹೊಡೆದು ಬಂದ ಮೇಲೆ ತಪ್ಪದೆ ಮತ್ತೊಮ್ಮೆ ಬಿಗಿಸಿ. ಶ್ಯಾಕಲ್ ಬೋಲ್ಟುಗಳನ್ನು ಕೊನೆಯ ಸುತ್ತು ಬಿಗಿಸುವುದು ಗಾಡಿ ಜ್ಯಾಕಿನಿಂದ ಇಳಿದು ತನ್ನ ಭಾರದಲ್ಲಿ ನಿಂತ ಮೇಲೆ. ಜೋತಿರುವಾಗಲೇ ಬಿಗಿಸಿದರೆ ರಬ್ಬರ್ ಬುಷ್ ತಿರುಚಿ ಬೇಗ ಹರಿಯುತ್ತದೆ.

ಎರಡನೆಯದು ಬ್ಲೇಡು. ಒಂದೇ ಒಂದು ಮುರಿದಿದ್ದು ಉಳಿದವುಗಳ ಬಾಗು ಚೆನ್ನಾಗಿದ್ದರೆ ಅದನ್ನೊಂದು ಬದಲಾಯಿಸಿ. ಎಲ್ಲ ಚಪ್ಪಟೆಯಾಗಿದ್ದರೆ ಎರಡೂ ಬದಿಗೆ ಪೂರ್ತಿ ಹೊಸ ಸೆಟ್ಟು, ಕಂಪನಿ ಅಳತೆಯದ್ದೇ. ಕೂತುಹೋದ ಗಾಡಿಗೆ ಕಂಪನಿ ಅಳತೆಯ ಹೊಸ ಸೆಟ್ಟೇ ಲಿಫ್ಟ್ ಕಿಟ್ಟು. ಕಳೆದುಕೊಂಡ ಇಂಚು ಒಂದೂವರೆ ಇಂಚು ವಾಪಸ್ ಬಂದಾಗ ಶಾಫ್ಟು, ವಾಲ್ವು, ಶಾಕ್ ಅಬ್ಸಾರ್ಬರ್ ಎಲ್ಲವೂ ತಮ್ಮ ಮೂಲ ಲೆಕ್ಕಕ್ಕೆ ಮರಳುತ್ತವೆ, ಬೇರೆ ಏನನ್ನೂ ತಿದ್ದಬೇಕಿಲ್ಲ. ಸೆಟ್ಟನ್ನು ಶೋರೂಮಿನಲ್ಲೇ ಕೊಳ್ಳಬೇಕೆಂದೇನೂ ಇಲ್ಲ. ದೇಶದಲ್ಲಿ ಅತಿ ಹೆಚ್ಚು ಬ್ಲೇಡು ತಯಾರಿಸುವ, ಹರಿಯಾಣದ ಯಮುನಾನಗರದ ಜಮ್ನಾ ಆಟೊದಂಥ ಕಂಪನಿಗಳು ಗಾಡಿ ಕಾರ್ಖಾನೆಗಳಿಗೂ ಕೊಡುತ್ತವೆ, ತಮ್ಮದೇ ಹೆಸರಿನಲ್ಲಿ ಅಂಗಡಿಗಳಿಗೂ ಕೊಡುತ್ತವೆ.

ಬ್ಲೇಡಿನ ಅಂಗಡಿಗಳಲ್ಲಿ ವ್ಯಾಪಾರ ಎಷ್ಟೋ ಕಡೆ ಕಿಲೋ ಲೆಕ್ಕದಲ್ಲಿ ನಡೆಯುತ್ತದೆ, ಅದು ನಿಮಗೆ ಅನುಕೂಲ. ದಾವಣಗೆರೆಯಲ್ಲಿ ಮೂರು ಅಂಗಡಿ ಸುತ್ತಿ ಕಿಲೋ ದರ ಕೇಳಿ, ಸೆಟ್ಟಿನ ತೂಕ ಕೇಳಿ, ಹಳೇ ಬ್ಲೇಡಿಗೆ ಎಷ್ಟು ಕಳೆಯುತ್ತೀರಿ ಎಂದೂ ಕೇಳಿ. ಹಳೆಯದಕ್ಕೆ ಬೆಲೆ ಇದ್ದೇ ಇದೆ. ಬ್ಲೇಡಿನ ಉಕ್ಕಿನ ಮಚ್ಚು, ಕುಡುಗೋಲಿಗೆ ಹರಿತ ಚೆನ್ನಾಗಿ ನಿಲ್ಲುತ್ತದೆಂದು ಕಮ್ಮಾರರು ಹುಡುಕಿಕೊಂಡು ಬರುತ್ತಾರೆ, ಎರಡು ತುಂಡು ಮನೆಗೆ ಉಳಿಸಿಕೊಂಡರೂ ನಷ್ಟವಿಲ್ಲ. ಹೊಸ ಬ್ಲೇಡಿನ ಅಗಲ, ದಪ್ಪ, ಉದ್ದ, ಸೆಂಟರ್ ಬೋಲ್ಟಿನ ತೂತಿನಿಂದ ಎರಡೂ ತುದಿಯ ಸುರುಳಿಗಿರುವ ದೂರ, ಇಷ್ಟನ್ನೂ ಹಳೆಯದರ ಪಕ್ಕ ಇಟ್ಟು ಅಂಗಡಿಯಲ್ಲೇ ಅಳೆಯಿರಿ. ತೂತು ಎಷ್ಟೋ ಗಾಡಿಗಳಲ್ಲಿ ಸರಿಯಾಗಿ ನಡುವೆ ಇರುವುದಿಲ್ಲ, ಹಿಂದುಮುಂದಾದರೆ ಚಕ್ರವೇ ಜರುಗುತ್ತದೆ. ಗುಜರಿಯ ಸೆಟ್ಟು ಕಣ್ಣಿಗೆ ಅಗ್ಗ, ಆದರೆ ಉಕ್ಕಿನ ದಣಿವು ಕಣ್ಣಿಗೆ ಕಾಣುವುದಿಲ್ಲ. ತೆಗೆದುಕೊಳ್ಳಲೇಬೇಕಾದರೆ ಬ್ಲೇಡನ್ನು ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ.

ಕಾನೂನಿನ ಮಾತು ಚುಟುಕಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಸವೆದ ಬ್ಲೇಡಿನ ಜಾಗದಲ್ಲಿ ಅದೇ ಅಳತೆಯದ್ದನ್ನು ಹಾಕಿಸುವುದು ರಿಪೇರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ ಆಗಬೇಕು ಎಂಬುದನ್ನೂ ನೆನಪಿಡಿ. ಎತ್ತರಿಸಿದ ಗಾಡಿ ಅಲ್ಲಿ ಮೊದಲೇ ಕಣ್ಣಿಗೆ ಬೀಳುತ್ತದೆ. ಮತ್ತೆ, ಬ್ಲೇಡು ಎಷ್ಟೇ ಗಟ್ಟಿಯಾದರೂ ಆರ್.ಸಿ.ಯ ತೂಕ ಹೆಚ್ಚುವುದಿಲ್ಲ. ಆ್ಯಕ್ಸಲ್, ಬೇರಿಂಗ್, ಬ್ರೇಕ್, ಟೈರು ಎಲ್ಲ ಹಳೇ ಲೆಕ್ಕದವೇ.

ಒಟ್ಟಿನಲ್ಲಿ ನಿಮ್ಮ ಗಾಡಿಗೆ ನನ್ನ ತೀರ್ಮಾನ ಇದು: ಎರಡು ಇಂಚಿನ ಆಸೆ ಬಿಡಿ. ಹಿಂದಿನ ಎರಡೂ ಬದಿಗೆ ಹೆಲ್ಪರ್ ಸಮೇತ ಕಂಪನಿ ಅಳತೆಯ ಹೊಸ ಸೆಟ್ಟು, ಹೊಸ ಬುಷ್, ಹೊಸ ಯು-ಬೋಲ್ಟ್ ಹಾಕಿಸಿ. ದುಡ್ಡು ಉಳಿದರೆ ಹಿಂದಿನ ಎರಡು ಶಾಕ್ ಅಬ್ಸಾರ್ಬರ್ ಬದಲಾಯಿಸಿ. ಒಂದೇ ಸಲಕ್ಕೆ ಆಗದಿದ್ದರೆ ಈ ಸುಗ್ಗಿಗೆ ಬುಷ್ ಮತ್ತು ಹೆಲ್ಪರ್, ಮುಂದಿನದಕ್ಕೆ ಸೆಟ್ಟು. ಭಾವನವರಿಗೆ ಬೇಸರವಾಗುವುದಾದರೆ ಅವರ ಮಾತಿನಲ್ಲಿ ಅರ್ಧ ನಡೆಸಿಕೊಡಿ: ಎರಡರ ಬದಲು ಒಂದು, ದಪ್ಪದ್ದರ ಬದಲು ಸೆಟ್ಟಿನ ಅಳತೆಯದ್ದೇ. ಕೆಲಸ ಮುಗಿದ ದಿನ ಚಕ್ರದ ಮಧ್ಯದಿಂದ ಬಾಡಿಯ ಅಂಚಿಗೆ ಅಳೆದು, ಆ ಅಳತೆಯನ್ನು ಡ್ಯಾಶ್‌ಬೋರ್ಡಿನ ಒಳಗೆ ಬರೆದಿಡಿ. ಮುಂದಿನ ಸಲ ಗಾಡಿ ಕೂತಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.